ಹ್ಯಾವ್‌ಲಾಕ್‌ನಲ್ಲಿ ಮದುವೆಗೆ ಹೊರಟ ನೆಂಟರಿಗೆ

ಊರಿನ ಛತ್ರದ ಮದುವೆಯಾದರೆ ಮುಹೂರ್ತಕ್ಕೆ ಅರ್ಧ ಗಂಟೆ ಮುಂಚೆ ಹೋಗಿ, ಅಕ್ಷತೆ ಹಾಕಿ, ಊಟ ಮುಗಿಸಿ ಬರಬಹುದು. ಅಂಡಮಾನಿನ ದ್ವೀಪದಲ್ಲಿ ಮದುವೆ ಇಟ್ಟುಕೊಂಡರೆ ಲಗ್ನಪತ್ರಿಕೆ ಕೈಗೆ ಬಂದ ದಿನದಿಂದಲೇ ನೆಂಟರಿಗೂ ಕೆಲಸ ಶುರು. ನಮ್ಮ ಚಿಕ್ಕಪ್ಪನ ಮಗಳ ಮದುವೆ ಫೆಬ್ರವರಿಯಲ್ಲಿ ಹ್ಯಾವ್‌ಲಾಕ್‌ನಲ್ಲಿ ನಡೆಯಿತು. ಮಂಡಿ ನೋವಿನ ಅತ್ತೆಯಿಂದ ಹಿಡಿದು ಕೈಗೂಸಿನವರೆಗೆ ಎಲ್ಲರೂ ಹೋಗಿ ಬಂದೆವು. ಮದುವೆ ಮನೆಯವರು ತಮ್ಮ ಗಡಿಬಿಡಿಯಲ್ಲಿ ಹೇಳಲು ಮರೆಯುವ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಷಯ, ಯಾಕೆಂದರೆ ಟಿಕೆಟ್ ಮಾಡುವಾಗ ಗೊಂದಲ ಆಗುತ್ತದೆ. ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಎಂದು ಹೆಸರು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಬುಕಿಂಗ್‌ನಲ್ಲಿ ಹಳೆಯ ಹೆಸರು ಕಂಡರೂ ಹೊಸ ಹೆಸರು ಕಂಡರೂ ಜಾಗ ಅದೇ.

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನ ಸಿಗುತ್ತದೆ, ಸುಮಾರು ಎರಡೂವರೆ ಗಂಟೆ. ಆದರೆ ಹ್ಯಾವ್‌ಲಾಕ್‌ಗೆ ಅಲ್ಲಿಂದ ಮತ್ತೆ ಸಮುದ್ರದ ಮೇಲೆ ಹೋಗಬೇಕು. ಖಾಸಗಿ ಕ್ರೂಸ್‌ಗಳು ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಮುಟ್ಟಿಸುತ್ತವೆ. ಸರ್ಕಾರಿ ಬೋಟಿಗೆ ಇನ್ನೂ ಒಂದು ಗಂಟೆ ಜಾಸ್ತಿ ಬೇಕು, ಟಿಕೆಟ್ ಮಾತ್ರ ಅಗ್ಗ. ಮಧ್ಯಾಹ್ನ ಕಳೆದಂತೆ ಬೋಟುಗಳು ಕಡಿಮೆಯಾಗುತ್ತವೆ, ಕತ್ತಲಾದ ಮೇಲೆ ಇಲ್ಲವೇ ಇಲ್ಲ. ಸಮುದ್ರ ಏರಿದ್ದರೆ ಇಡೀ ದಿನದ ಬೋಟುಗಳೂ ರದ್ದಾಗಬಹುದು. 2016ರ ಡಿಸೆಂಬರ್‌ನಲ್ಲಿ ಹವಾಮಾನ ಕೆಟ್ಟು ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅವರನ್ನು ಕರೆತರಲು ನೌಕಾಪಡೆಯ ಹಡಗುಗಳೇ ಬರಬೇಕಾಯಿತು.

ಹಾಗಾಗಿ ನಾನು ಎಲ್ಲರಿಗೂ ಒತ್ತಿ ಹೇಳುವುದು ಒಂದೇ. ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ. ಚಪ್ಪರದ ದಿನ ಬೆಳಿಗ್ಗೆ ವಿಮಾನ ಹತ್ತಿ ಮಧ್ಯಾಹ್ನದ ಬೋಟು ಹಿಡಿದರಾಯಿತು ಎಂದು ಲೆಕ್ಕ ಹಾಕಬೇಡಿ. ವಿಮಾನ ಸ್ವಲ್ಪ ತಡವಾದರೂ ಬೋಟು ನಿಮಗಾಗಿ ಕಾಯುವುದಿಲ್ಲ. ವಾಪಸ್ ಬರುವಾಗಲೂ ಅಷ್ಟೇ, ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್‌ಗೆ ಬಂದು ಮಲಗಿ. ಒಂದು ರಾತ್ರಿಯ ರೂಮು ಬಾಡಿಗೆ ಜಾಸ್ತಿಯಾಯಿತು ಅನಿಸಬಹುದು. ತಪ್ಪಿಹೋದ ವಿಮಾನಕ್ಕೆ ಕೊನೇ ಗಳಿಗೆಯಲ್ಲಿ ಮತ್ತೆ ಟಿಕೆಟ್ ತೆಗೆಯುವುದಕ್ಕಿಂತ ಅದು ಎಷ್ಟೋ ವಾಸಿ. ಆ ಸಂಜೆ ಸೆಲ್ಯುಲರ್ ಜೈಲು ನೋಡಿ. 1906ರಲ್ಲಿ ಕಟ್ಟಿ ಮುಗಿಸಿದ ಏಳು ಕಟ್ಟಡ ಸಾಲುಗಳಲ್ಲಿ ಈಗ ಮೂರು ಉಳಿದಿವೆ. ಆ ಒಂಟಿ ಕೋಣೆಯೊಳಗೆ ಒಂದು ನಿಮಿಷ ನಿಂತು ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಬೋಟಿನಲ್ಲಿ ಹೊಟ್ಟೆ ತೊಳಸುವವರು ಹತ್ತುವುದಕ್ಕೆ ಮುಂಚೆಯೇ ವಾಂತಿ ಮಾತ್ರೆ ತೆಗೆದುಕೊಳ್ಳಬೇಕು. ತೊಳಸಲು ಶುರುವಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ವಯಸ್ಸಾದವರು ಮಾತ್ರೆ ಯಾವುದೆಂದು ತಮ್ಮ ಡಾಕ್ಟರನ್ನು ಕೇಳಿಕೊಂಡಿರಲಿ. ಗುರುತಿನ ಚೀಟಿ ಕೈಚೀಲದಲ್ಲೇ ಇರಲಿ, ಜೆಟ್ಟಿಯಲ್ಲಿ ನೋಡುತ್ತಾರೆ. ನಮ್ಮವರಿಗೆ ಹ್ಯಾವ್‌ಲಾಕ್‌ಗೆ ಪರವಾನಗಿ ಬೇಕಿಲ್ಲ. ಅಮೆರಿಕದಿಂದಲೋ ಬ್ರಿಟನ್‌ನಿಂದಲೋ ಬರುವ ಅಣ್ಣತಮ್ಮಂದಿರು ವಿದೇಶಿ ಪಾಸ್‌ಪೋರ್ಟಿನವರಾದರೆ, ಆಗ ಇರುವ ನಿಯಮವನ್ನು ಟಿಕೆಟ್ ಮಾಡುವ ಮೊದಲೇ ವಿಚಾರಿಸಿಕೊಂಡು, ಪಾಸ್‌ಪೋರ್ಟ್, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಇದ್ದರೆ ಎರಡನ್ನೂ ತರಲಿ.

ಇನ್ನು ಸಾಮಾನು. ಇಲ್ಲಿ ನಮ್ಮ ಮದುವೆಗಳಿಗೆ ಒಂದು ದೊಡ್ಡ ತೊಡಕಿದೆ. ಮಡಿಲಕ್ಕಿಗೆ ಬೇಕಾದ ಕೊಬ್ಬರಿ ಗಿಟುಕನ್ನು ವಿಮಾನದಲ್ಲಿ ಬಿಡುವುದಿಲ್ಲ. ಅದರಲ್ಲಿರುವ ಎಣ್ಣೆಯಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂಬ ಕಾರಣಕ್ಕೆ ಅದು ಅಪಾಯದ ಸಾಮಾನಿನ ಪಟ್ಟಿಯಲ್ಲಿದೆ. ಆರತಿ ಕರ್ಪೂರವೂ ಬೆಂಕಿಪೊಟ್ಟಣವೂ ಬೇಡ. ಸೋದರತ್ತೆಯೋ ದೊಡ್ಡಮ್ಮನೋ ಮಡಿಲಕ್ಕಿ ಸಾಮಾನು ಕಟ್ಟುವವರಾದರೆ ಈ ಮಾತನ್ನು ಅವರಿಗೆ ಮುಂಚೆಯೇ ಮುಟ್ಟಿಸಿ. ಇಲ್ಲದಿದ್ದರೆ ಏರ್‌ಪೋರ್ಟಿನಲ್ಲಿ ಅಷ್ಟು ಜನರ ಮುಂದೆ ಪೆಟ್ಟಿಗೆ ಬಿಚ್ಚಿ ತೆಗೆಸುತ್ತಾರೆ. ಹಿರಿಯರಿಗೆ ಅದು ತುಂಬಾ ನೋವಾಗುತ್ತದೆ. ತೆಂಗಿನಕಾಯಿಗೆ ಅಂಡಮಾನಿನಲ್ಲಿ ಬರವಿಲ್ಲ. ಕೊಬ್ಬರಿ, ಕರ್ಪೂರ ಅಲ್ಲಿಯೇ ಹೊಂದಿಸಿಕೊಡಲು ಮದುವೆ ನೋಡಿಕೊಳ್ಳುವವರಿಗೆ ಹೇಳಿಡಿ.

ಹೂವಿನದು ಬೇರೆ ಕಥೆ. ಮೊಳಗಟ್ಟಲೆ ಮಲ್ಲಿಗೆ ಅಲ್ಲಿ ಸುಲಭವಾಗಿ ಸಿಗುವುದಿಲ್ಲ. ಮೊಗ್ಗಾಗಿದ್ದಾಗಲೇ ಬಾಳೆ ಎಲೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ತಂದರೆ ಮರುದಿನದವರೆಗೆ ಚೆನ್ನಾಗಿರುತ್ತದೆ. ಹೋದ ತಕ್ಷಣ ರೆಸಾರ್ಟಿನ ಫ್ರಿಜ್‌ನಲ್ಲಿ ಇಡಿಸಿ.

ರೇಷ್ಮೆ ಸೀರೆ ಉಡಬಾರದು ಎಂದು ನಾನು ಹೇಳುವುದಿಲ್ಲ. ಮದುವೆಗೆ ರೇಷ್ಮೆ ಉಡದೆ ಇನ್ಯಾವಾಗ, ಅಲ್ವಾ? ಆದರೆ ಭಾರದ ಕಂಚಿ ಸೀರೆ ಆ ಸೆಕೆಯಲ್ಲಿ ಮೈಗಂಟುತ್ತದೆ. ಹಗುರವಾದ ಮೈಸೂರು ಸಿಲ್ಕ್ ಒಳ್ಳೆಯದು. ಸೆರಗಿಗೆ ಪಿನ್ನು ಎಂದಿಗಿಂತ ಜಾಸ್ತಿ ಹಾಕಿ, ಕಡಲ ಗಾಳಿ ಬಿಡುವುದಿಲ್ಲ. ಜರಿಗೆ ಉಪ್ಪು ನೀರು ತಾಗಿಸಬೇಡಿ, ಫೋಟೋಕ್ಕೆಂದು ಅಲೆಯ ಅಂಚಿಗೆ ಹೋಗುವುದಿದ್ದರೆ ಬೇರೆ ಬಟ್ಟೆ ಹಾಕಿಕೊಳ್ಳಿ. ಎತ್ತರದ ಹಿಮ್ಮಡಿಯ ಚಪ್ಪಲಿ ಮರಳಿನಲ್ಲಿ ಹೂತುಹೋಗುತ್ತದೆ. ಗಂಡಸರು ಪಂಚೆಗೆ ಬೆಲ್ಟು ಕಟ್ಟಿಕೊಳ್ಳಲಿ.

ದ್ವೀಪದ ಹೊತ್ತಿಗೆ ಹೊಂದಿಕೊಳ್ಳುವುದೂ ಮುಖ್ಯ. ಗಡಿಯಾರ ನಮ್ಮದೇ, ಆದರೆ ಅಂಡಮಾನ್ ಎಷ್ಟೋ ಪೂರ್ವಕ್ಕಿದೆ. ಸೂರ್ಯ ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮುಂಚೆ ಹುಟ್ಟಿ, ಒಂದು ಗಂಟೆ ಮುಂಚೆ ಮುಳುಗುತ್ತಾನೆ. ಫೆಬ್ರವರಿಯಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಇರುವುದಿಲ್ಲ. ಪಂಚಾಂಗದ ಲೆಕ್ಕವೂ ಇದರ ಜೊತೆಗೇ ಜರುಗುತ್ತದೆ. ನಮ್ಮೂರಿನ ಪಂಚಾಂಗದಲ್ಲಿ ಅಚ್ಚಾದ ರಾಹುಕಾಲ, ಲಗ್ನದ ವೇಳೆ ಅಲ್ಲಿಗೆ ಹೊಂದುವುದಿಲ್ಲ. ನಮ್ಮ ಪುರೋಹಿತರು ಹ್ಯಾವ್‌ಲಾಕ್‌ನ ಸೂರ್ಯೋದಯ ಹಿಡಿದೇ ಮುಹೂರ್ತ ಇಟ್ಟಿದ್ದರು. ನೆಂಟರು ತಾವಾಗಿ ಕ್ಯಾಲೆಂಡರ್ ನೋಡಿ ತಕರಾರು ತೆಗೆಯುವುದು ಬೇಡ. ಸಂಜೆಯ ಕಾರ್ಯಕ್ರಮಕ್ಕೆ ನಾಲ್ಕಕ್ಕೆ ಬನ್ನಿ ಎಂದರೆ ನಾಲ್ಕಕ್ಕೇ ಹೋಗಿ. ಐದೂವರೆಗೆ ಹೋದರೆ ಕತ್ತಲಲ್ಲಿ ಕಾಲಿಟ್ಟಂತೆ.

ಧಾರೆ ಬೆಳಿಗ್ಗೆ ಮರಳಿನ ಮೇಲೆ ಹಾಕಿದ ಮಂಟಪದಲ್ಲಿ ನಡೆಯಿತು. ಅಂತರಪಟ ಹಾಯಿಯಂತೆ ಉಬ್ಬಿ ಹಾರುತ್ತಿತ್ತು. ಮಾವಂದಿರು ನಾಲ್ಕೂ ಮೂಲೆ ಹಿಡಿದು ನಿಲ್ಲಬೇಕಾಯಿತು. ಜೀರಿಗೆ ಬೆಲ್ಲ ಹಾಕಿದ್ದು ವಧುವರರ ತಲೆಗಿಂತ ಪಕ್ಕದವರ ಮೇಲೇ ಜಾಸ್ತಿ ಬಿತ್ತು. ಹೋಮಕ್ಕೆ ಗಾಳಿ ಬರುವ ಕಡೆ ತಗಡಿನ ಮರೆ ಕಟ್ಟಿದ್ದರು. ಅಕ್ಷತೆ ಬಿದ್ದ ಜಾಗಕ್ಕೆ ಸ್ವಲ್ಪ ಹೊತ್ತಿನಲ್ಲೇ ಶಂಖದ ಏಡಿಗಳು ಬಂದವು. ಚಿಪ್ಪು ಹೊತ್ತುಕೊಂಡು ಒಂದೊಂದೇ ಅಕ್ಕಿ ಕಾಳು ಎತ್ತುತ್ತಿದ್ದವು, ಮಕ್ಕಳು ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದರು. ಇಂಥ ಮದುವೆಯಲ್ಲಿ ಎಲ್ಲವೂ ಛತ್ರದ ಹಾಗೆ ಅಚ್ಚುಕಟ್ಟಾಗಿ ನಡೆಯಲಿ ಎಂದು ಹಟ ಹಿಡಿಯಬಾರದು. ಗಾಳಿ, ಮರಳು ಸೇರಿಯೇ ಅದು ಚೆಂದ.

ಊಟಕ್ಕೆ ತೊಂದರೆಯಿಲ್ಲ, ಮದುವೆ ಮನೆಯವರು ನೋಡಿಕೊಳ್ಳುತ್ತಾರೆ. ಹೊರಗೆ ತಿನ್ನುವಾಗ ಮಾತ್ರ ಗೊತ್ತಿರಲಿ, ದ್ವೀಪದಲ್ಲಿ ಬಂಗಾಳಿಗಳು ಹೆಚ್ಚು, ಮೀನು ಎಲ್ಲ ಕಡೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಹಿರಿಯರಿದ್ದರೆ ಅವಲಕ್ಕಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಂಡು ಹೋಗಿ. ದಿನಾ ನುಂಗುವ ಮಾತ್ರೆಗಳನ್ನು ಎರಡು ಮೂರು ದಿನಕ್ಕೆ ಹೆಚ್ಚಾಗಿಯೇ ತನ್ನಿ. ಹ್ಯಾವ್‌ಲಾಕ್‌ನಲ್ಲಿ ಇರುವುದು ಪ್ರಾಥಮಿಕ ಆರೋಗ್ಯ ಕೇಂದ್ರ, ದೊಡ್ಡ ಆಸ್ಪತ್ರೆಗೆ ಸಮುದ್ರ ದಾಟಿ ಪೋರ್ಟ್ ಬ್ಲೇರ್‌ಗೇ ಬರಬೇಕು. ಸಂಜೆ ಮರಳಿನಲ್ಲಿ ಕೂತರೆ ಮರಳುನೊಣ ಕಚ್ಚುತ್ತದೆ, ವಾರಗಟ್ಟಲೆ ತುರಿಸುತ್ತದೆ. ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂರಿ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ನೆಟ್‌ವರ್ಕ್ ಸುಧಾರಿಸಿದೆ. ಆದರೂ ಫೋನ್‌ಪೇ ಒಂದನ್ನೇ ನಂಬಿ ಹೋಗಬೇಡಿ, ಕೈಯಲ್ಲಿ ನಗದು ಇರಲಿ.

ಬಿಡುವಿದ್ದರೆ ಏಳನೇ ನಂಬರಿನ ಬೀಚು, ಅಂದರೆ ರಾಧಾನಗರಕ್ಕೆ ಸಂಜೆ ಮೂರೂವರೆಗೆಲ್ಲ ಹೋಗಿ. ಸ್ಕೂಬಾ ಮಾಡುವ ಆಸೆಯಿದ್ದರೆ ಮದುವೆ ಮುಗಿದ ಮರುದಿನ ಇಟ್ಟುಕೊಳ್ಳಿ, ಕೈಯ ಮೆಹೆಂದಿಗೂ ಅದೇ ಒಳ್ಳೆಯದು. ಆದರೆ ನೀರಿಗಿಳಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಿ. ರಕ್ತದಲ್ಲಿ ಕರಗಿದ ಸಾರಜನಕ ಮೇಲೆ ಹೋದಾಗ ಗುಳ್ಳೆಯಾಗಿ ತೊಂದರೆ ಕೊಡುತ್ತದೆ. ಸುಮ್ನೆ ಅವಸರ ಮಾಡಬೇಡಿ. ಮದುವೆಯ ವಿಡಿಯೋಗೆಂದು ಡ್ರೋನ್ ತರುವವರಿದ್ದರೆ ಮೊದಲೇ ಅನುಮತಿ ಪಡೆದಿರಬೇಕು, ಅದು ಸೇನೆಯ ನೆಲೆಗಳಿರುವ ಪ್ರದೇಶ.

ಕಪ್ಪೆಚಿಪ್ಪು, ಹವಳದ ತುಂಡು ಎಷ್ಟೇ ಚೆಂದ ಕಂಡರೂ ಎತ್ತಿಕೊಳ್ಳಬೇಡಿ. ಹವಳವನ್ನೂ ಹಲವು ಜಾತಿಯ ಶಂಖಗಳನ್ನೂ ವನ್ಯಜೀವಿ ಕಾಯ್ದೆ ರಕ್ಷಿಸುತ್ತದೆ, ವಿಮಾನ ನಿಲ್ದಾಣದಲ್ಲಿ ಚೀಲ ಹುಡುಕುತ್ತಾರೆ. ಮಕ್ಕಳ ಜೇಬು ಹೊರಡುವ ಮುಂಚೆ ಒಮ್ಮೆ ನೋಡಿ.

ಮುಯ್ಯಿಗೆ ಬೆಳ್ಳಿ ದೀಪ, ಗೋಡೆ ಗಡಿಯಾರ ಹೊತ್ತುಕೊಂಡು ಹೋಗಬೇಡಿ. ಅದನ್ನೆಲ್ಲ ಮದುಮಕ್ಕಳು ಮತ್ತೆ ಬೋಟು, ವಿಮಾನ ಹತ್ತಿಸಿ ತರಬೇಕು. ಊರಿಗೆ ಬಂದ ಮೇಲೆ ಆರತಕ್ಷತೆ ಇದ್ದೇ ಇರುತ್ತದೆ, ಆವತ್ತು ಕೊಡಿ. ಅಲ್ಲಿ ಒಂದು ಕವರು ಕೈಗಿಟ್ಟರೆ ಸಾಕು. ರೂಮು ಅವರದ್ದೋ ನಮ್ಮದೋ, ಬೋಟಿನ ಟಿಕೆಟ್ ಯಾರು ಮಾಡುತ್ತಾರೆ ಎಂಬುದನ್ನೂ ಸಂಕೋಚಪಡದೆ ಫೋನ್ ಮಾಡಿ ಕೇಳಿ. ಬರಲು ಆಗುವುದಿಲ್ಲ ಎಂದಾದರೆ ಆ ಮಾತನ್ನೂ ಬೇಗ ಹೇಳಿಬಿಡಿ, ಅಲ್ಲಿ ಒಂದೊಂದು ರೂಮಿಗೂ ತಿಂಗಳುಗಳ ಮುಂಚೆಯೇ ದುಡ್ಡು ಕಟ್ಟಿರುತ್ತಾರೆ.