ದಾಯಾದಿಗಳು ಕೇಂಬ್ರಿಡ್ಜ್‌ಗೆ ಹೋಗಿದ್ದು

ಲಂಡನ್ ಕಿಂಗ್ಸ್ ಕ್ರಾಸ್‌ನಿಂದ ಕೇಂಬ್ರಿಡ್ಜ್‌ಗೆ ಟ್ರೇನಲ್ಲಿ ಹೆಚ್ಚೂಕಮ್ಮಿ ಒಂದು ಗಂಟೆ, ಆ ಒಂದು ಗಂಟೇನೂ ನಾನು ನಮ್ಮಣ್ಣ 1987ರಲ್ಲಿ ಅರ್ಧಕ್ಕೆ ನಿಂತಿದ್ದ ಜಗಳಾನೇ ಮುಂದುವರಿಸ್ಕೊಂಡು ಹೋದ್ವಿ. ಅಣ್ಣ ಅಂದ್ರೆ ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷ ದೊಡ್ಡೋನು, ಇಪ್ಪತ್ತು ವರ್ಷದಿಂದ ಇಂಗ್ಲೆಂಡಲ್ಲೇ ಇದಾನೆ. ಜಗಳ ಇಷ್ಟೇ: ಆ ಕಾಲದ ಎರಡು ಬ್ರಿಟಿಷ್ ಕಂಪ್ಯೂಟರಲ್ಲಿ ಸ್ಪೆಕ್ಟ್ರಮ್ ಒಳ್ಳೇದಾ, ಬಿಬಿಸಿ ಮೈಕ್ರೋ ಒಳ್ಳೇದಾ.

ನಾನು ಮೈಸೂರಲ್ಲಿ ಓದ್ತಿದ್ದ ಸ್ಕೂಲಿಗೆ ಸ್ಕೂಲಲ್ಲಿ ಕಂಪ್ಯೂಟರ್ ಕಲಿಸೋ ಕೇಂದ್ರ ಸರ್ಕಾರದ ಕ್ಲಾಸ್ ಅನ್ನೋ ಯೋಜನೇಲಿ ಬಿಬಿಸಿ ಮೈಕ್ರೋ ಬಂದಿತ್ತು, 1984ರಲ್ಲಿ ಶುರುವಾದ ಯೋಜನೆ ಅದು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗ್ಬೇಕು, ಕಿಟಕಿಗೆಲ್ಲ ಕರ್ಟನ್ನು, ಇದ್ದಿದ್ದು ಎರಡೇ ಮಶೀನು, ಒಂದೊಂದರ ಮುಂದೆ ಆರೇಳು ಜನ, ಕೀಬೋರ್ಡ್ ಮುಟ್ಟೋ ಪಾಳಿ ವಾರಕ್ಕೆ ಹತ್ತು ನಿಮಿಷ ಸಿಕ್ಕಿದ್ರೆ ಹೆಚ್ಚು. ಅಣ್ಣನ ಮನೆ ಬೆಂಗಳೂರಲ್ಲಿ. ಅಲ್ಲಿ ದೊಡ್ಡಪ್ಪ ಪಿಎಫ್ ಸಾಲ ತೆಗೆದು ಡಿಬಿ ಸ್ಪೆಕ್ಟ್ರಮ್ ಪ್ಲಸ್ ತಂದುಕೊಟ್ಟಿದ್ರು. ಡೆಸಿಬೆಲ್ಸ್ ಅನ್ನೋ ಕಂಪನಿ 1986ರಿಂದ ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ ಲೈಸೆನ್ಸ್ ತಗೊಂಡು ನಮ್ಮ ದೇಶದಲ್ಲಿ ಮಾರ್ತಿದ್ದ ಮಶೀನು ಅದು. ಟೀವಿಗೆ ಸಿಗಿಸೋದು, ದಿನಾ ಬೆಳಿಗ್ಗೆ ದೇವರನಾಮ ಹಾಕ್ತಿದ್ದ ಟೇಪ್ ರೆಕಾರ್ಡರ್‌ನಿಂದ ಗೇಮ್ ಲೋಡ್ ಮಾಡೋದು. ಲೋಡ್ ಆಗೋಕೆ ಐದು ನಿಮಿಷ ಬೇಕು, ಮಧ್ಯೆ ದೊಡ್ಡಮ್ಮ ಮಿಕ್ಸಿ ಹಾಕಿಬಿಟ್ರೆ ಎಲ್ಲಾ ಕೆಟ್ಟು ಮತ್ತೆ ಮೊದಲಿಂದ. ಅದಕ್ಕೆ ಅಣ್ಣ ಸ್ಕ್ರೀನಿಂದ ಕಣ್ಣು ತೆಗೀದೇ ಎಡಗೈ ಹಿಂದಕ್ಕೆ ಎತ್ತಿ ಹಿಡಿತಿದ್ದ, ದೊಡ್ಡಮ್ಮ ಚಟ್ನಿಗೆ ಹಾಕಿದ್ದ ಕಾಯಿ ಹಾಗೇ ಬಿಟ್ಟು ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಳ್ಳೋರು. ಬೇಸಿಗೆ ರಜಕ್ಕೆ ಹೋದಾಗ ನಾನು ಪಕ್ಕದಲ್ಲಿ ಕೂತು, ನಿಮ್ಮದು ಆಟದ ಸಾಮಾನು ಕಣೋ ನಮ್ಮದು ನಿಜವಾದ ಕಂಪ್ಯೂಟರ್ ಅಂತಿದ್ದೆ, ಹೊಟ್ಟೆಕಿಚ್ಚಲ್ಲಿ.

ಕೇಂಬ್ರಿಡ್ಜ್ ಸ್ಟೇಷನ್ ಊರ ನಡುವಿಂದ ಸ್ವಲ್ಪ ದೂರ, ನಡ್ಕೊಂಡೇ ಹೋದ್ವಿ. ಮೊದಲು ಕಿಂಗ್ಸ್ ಪೆರೇಡ್. ಒಂದು ಕಡೆ ಕಿಂಗ್ಸ್ ಕಾಲೇಜಿನ ಆ ದೊಡ್ಡ ಚಾಪೆಲ್ಲು, ಟೂರಿಸ್ಟ್‌ಗಳೆಲ್ಲ ಆ ಕಡೆ ಮುಖ ಮಾಡಿ ಫೋಟೋ ತೆಗೀತಿದ್ರು, ನಾವಿಬ್ಬರು ಮಾತ್ರ ಈ ಕಡೆ ತಿರುಗಿ 6ನೇ ನಂಬರ್ ಹುಡುಕ್ತಿದ್ವಿ. ಸ್ಪೆಕ್ಟ್ರಮ್ ಮಾಡಿದ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ ಇದ್ದ ಜಾಗ ಅದು. 1980ರಲ್ಲಿ ನೂರು ಪೌಂಡಿಗೆ ಐದು ಪೆನ್ನಿ ಕಡಿಮೆಗೆ ಝಡ್‌ಎಕ್ಸ್80, ಮುಂದಿನ ವರ್ಷ ಎಪ್ಪತ್ತು ಪೌಂಡಿಗೂ ಒಳಗೆ ಝಡ್‌ಎಕ್ಸ್81, ಕಂಪ್ಯೂಟರ್ ಅನ್ನೋದು ಮೇಷ್ಟ್ರು, ಡ್ರೈವರ್ರು, ಅಂಗಡಿಯವರು ಯಾರ ಮನೇಲಾದ್ರೂ ಇರಬಹುದು ಅಂತ ಮಾಡಿದ ಮನುಷ್ಯ. 2021ರ ಸೆಪ್ಟೆಂಬರಲ್ಲಿ ಅವರು ತೀರಿಕೊಂಡ ದಿನ ಅಣ್ಣ ಮೈಸೂರಿಗೆ ಫೋನ್ ಮಾಡಿದ್ದ, ಮನೆಯೋರೇ ಯಾರೋ ಹೋದ ಹಾಗೆ ಮಾತಾಡಿದ. ಈಗ ಆ ಬಾಗಿಲ ಮುಂದೆ ಏನೂ ಮಾತಾಡ್ಲಿಲ್ಲ, ಸ್ವಲ್ಪ ಹೊತ್ತು ನಿಂತ.

ಅಲ್ಲಿಂದ ಚರ್ಚ್ ಪಕ್ಕದ ಸಂದಿ ದಾಟಿದ್ರೆ ಮಾರ್ಕೆಟ್ ಹಿಲ್, ಎರಡು ಮೂರು ನಿಮಿಷ ಅಷ್ಟೇ. ತರಕಾರಿ, ಬ್ರೆಡ್ಡು, ಹಳೇ ಪುಸ್ತಕ ಮಾರೋ ಸಂತೆ ಮೈದಾನ, ಅದರ ಅಂಚಲ್ಲೇ ಬಿಬಿಸಿ ಮೈಕ್ರೋ ಮಾಡಿದ ಏಕಾರ್ನ್ ಕಂಪನಿಯ ಮೊದಲ ಆಫೀಸು ಇತ್ತು. ಇಷ್ಟು ಹತ್ರ ಅಂತ ನನಗೆ ನಕ್ಷೆ ನೋಡಿದಾಗ್ಲೂ ಅನ್ನಿಸಿರ್ಲಿಲ್ಲ. ಏಕಾರ್ನ್ ಶುರು ಮಾಡಿದ ಇಬ್ಬರಲ್ಲಿ ಒಬ್ಬರು ಕ್ರಿಸ್ ಕರಿ, ಅವರು ವರ್ಷಗಟ್ಟಲೆ ಸಿಂಕ್ಲೇರ್ ಜೊತೇಲೇ ದುಡಿದು 1978ರಲ್ಲಿ ಬೇರೆಯಾದವರು. ಅಂದ್ರೆ ಪಕ್ಕಾ ದಾಯಾದಿ ಕಲಹ, ಒಂದೇ ಮನೆ ಪಾಲಾಗಿ ಎರಡು ಬಾಗಿಲಾದ ಹಾಗೆ. ಟೀವೀಲಿ ಕಂಪ್ಯೂಟರ್ ಕಲಿಸೋಕೆ ಬಿಬಿಸಿಯವರಿಗೆ ಒಂದು ಮಶೀನ್ ಬೇಕಾದಾಗ ಇಬ್ಬರೂ ಅದಕ್ಕೆ ಹೊಡೆದಾಡಿದ್ರು. ಏಕಾರ್ನ್ ಕಡೆಯ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಮತ್ತೆ ಅವರ ಜೊತೆಯವರು ಒಂದೇ ವಾರದಲ್ಲಿ ಮಾದರಿ ಮಶೀನ್ ಕಟ್ಟಿ ತೋರಿಸಿದ್ರು, ಕಾಂಟ್ರಾಕ್ಟ್ ಏಕಾರ್ನ್ ಪಾಲಾಯ್ತು, 1981ರ ಡಿಸೆಂಬರಲ್ಲಿ ಮಶೀನ್ ಬಂತು. ಸಿಂಕ್ಲೇರ್ ಅವರ ಉತ್ತರ 1982ರ ಏಪ್ರಿಲಲ್ಲಿ, ಝಡ್‌ಎಕ್ಸ್ ಸ್ಪೆಕ್ಟ್ರಮ್, 16ಕೆ ಮೆಮೊರಿಯ ಮಾಡೆಲ್ 125 ಪೌಂಡು, 48ಕೆ ಮಾಡೆಲ್ 175. ಬಿಬಿಸಿ ಮಾಡೆಲ್ ಬಿ ಅಷ್ಟೊತ್ತಿಗೆ 399. ಒಂದು ಸ್ಕೂಲಿಗೆ ಹೋಯ್ತು, ಇನ್ನೊಂದು ಮನೆಗೆ ಹೋಯ್ತು, ಇಂಗ್ಲೆಂಡಲ್ಲೂ ಕಥೆ ಅದೇ, ನಮ್ಮನೇಲೂ ಅದೇ.

ಮಧ್ಯಾಹ್ನ ಬ್ರಿಡ್ಜ್ ಸ್ಟ್ರೀಟಿನ ಬ್ಯಾರನ್ ಆಫ್ ಬೀಫ್ ಅನ್ನೋ ಪಬ್‌ಗೆ ಹೋದ್ವಿ, ತಿಂದಿದ್ದು ಬರೀ ಚಿಪ್ಸು, ಆದ್ರೆ ಬಂದಿದ್ದು ತಿನ್ನೋಕಲ್ಲ. 1984ರ ಡಿಸೆಂಬರಲ್ಲಿ, ಸಿಂಕ್ಲೇರ್ ಮಶೀನ್‌ಗಳು ಕೆಟ್ಟು ವಾಪಸ್ ಬರೋದು ಜಾಸ್ತಿ ಅನ್ನೋ ಅರ್ಥದ ಜಾಹೀರಾತನ್ನ ಏಕಾರ್ನ್ ಪೇಪರಲ್ಲಿ ಹಾಕಿಸ್ತು. ಸಿಂಕ್ಲೇರ್ ಸಿಟ್ಟಲ್ಲಿ ಬಂದು ಇದೇ ಪಬ್ಬಲ್ಲಿ ಕ್ರಿಸ್ ಕರಿಗೆ ಸುರುಳಿ ಸುತ್ತಿದ ಪೇಪರಲ್ಲೇ ಬಾರಿಸಿದ್ರು. ದುಃಖ ಏನಂದ್ರೆ ಆ ಕ್ರಿಸ್‌ಮಸ್ ಇಬ್ಬರಿಗೂ ಕೈಕೊಡ್ತು, ಮಾಲು ಗೋಡೌನಲ್ಲೇ ಉಳೀತು. 1985ರ ಶುರುವಲ್ಲೇ ಏಕಾರ್ನ್‌ನ ಅರ್ಧದಷ್ಟು ಪಾಲು ಇಟಲಿಯ ಒಲಿವೆಟ್ಟಿಗೆ ಹೋಯ್ತು, 1986ರಲ್ಲಿ ಸಿಂಕ್ಲೇರ್ ಕಂಪ್ಯೂಟರ್ ವ್ಯವಹಾರ 50 ಲಕ್ಷ ಪೌಂಡಿಗೆ ಆಮ್‌ಸ್ಟ್ರಾಡ್ ಅನ್ನೋ ಇನ್ನೊಂದು ಬ್ರಿಟಿಷ್ ಕಂಪನಿಗೆ ಹೋಯ್ತು. ನಮ್ಮಣ್ಣನ ಮನೆಗೆ ಸ್ಪೆಕ್ಟ್ರಮ್ ಬರೋ ಹೊತ್ತಿಗೆ ಇಲ್ಲಿ ಯುದ್ಧ ಮುಗಿದಿತ್ತು, ನಮಗೆ ಗೊತ್ತಿರ್ಲಿಲ್ಲ, ನಾವು ಆಡ್ತಾನೇ ಇದ್ವಿ.

ನಾನು ಫೋನ್ ತೆಗೆದು ಮೇಜಿನ ಮೇಲಿಟ್ಟು, ಇದ್ರೊಳಗಿರೋ ಆರ್ಮ್ ಚಿಪ್ಪು ನಮ್ಮ ಬಿಬಿಸಿ ಮನೆತನದ್ದು, ಅದೇ ಸೋಫಿ ಅದೇ ಫರ್ಬರ್ 1985ರ ಏಪ್ರಿಲಲ್ಲಿ ಮೊದಲ ಚಿಪ್ ಓಡಿಸಿದ್ದು, ಇವತ್ತು ಬೆಂಗಳೂರಲ್ಲೂ ಆರ್ಮ್ ಕಂಪನಿ ಆಫೀಸಿದೆ ಅಂದೆ. ಅಣ್ಣ ಒಂದು ಚಿಪ್ಸ್ ಬಾಯಿಗೆ ಹಾಕ್ಕೊಂಡು, "ಸರಿ ಕಣೋ, ಆದ್ರೆ ನಿನಗೆ ಪ್ರೋಗ್ರಾಮ್ ಬರೆಯೋದು ಎಲ್ಲಿ ಬಂತು? ನಮ್ಮ ಹಾಲಲ್ಲಿ ತಾನೆ?" ಅಂದ. ನಿಜ. ವಾರಕ್ಕೆ ಹತ್ತು ನಿಮಿಷದಲ್ಲಿ ಯಾರಿಗೂ ಏನೂ ಬರಲ್ಲ.

ಆಮೇಲೆ ಜೀಸಸ್ ಲೇನ್ ಕಡೆಯಿಂದ ನಡೆದ್ವಿ, ದಾರೀಲಿ ಜೀಸಸ್ ಕಾಲೇಜಿನ ಗೇಟು ಸಿಗುತ್ತೆ. ಡೇವಿಡ್ ಬ್ರೇಬನ್, ಇಯಾನ್ ಬೆಲ್ ಅನ್ನೋ ಇಬ್ಬರು ಸ್ಟೂಡೆಂಟ್ಸು ಈ ಕಾಲೇಜಲ್ಲಿದ್ದಾಗ ಬಿಬಿಸಿಗೆ ಅಂತ ಬರೆದ ಎಲೈಟ್ ಗೇಮ್ 1984ರಲ್ಲಿ ಬಂತು. ಎಂಟು ಗ್ಯಾಲಕ್ಸಿ, ಒಂದೊಂದರಲ್ಲಿ 256 ಗ್ರಹ, ಎಲ್ಲಾ 32ಕೆ ಮಶೀನಲ್ಲಿ. ಗ್ರಹಗಳನ್ನ ಮೆಮೊರೀಲಿ ಇಟ್ಟಿರ್ಲಿಲ್ಲ, ಒಂದು ಬೀಜಸಂಖ್ಯೆಯಿಂದ ಬೇಕಾದಾಗೆಲ್ಲ ಲೆಕ್ಕ ಹಾಕಿ ಹುಟ್ಟಿಸ್ತಿತ್ತು. ಆ ಗೇಟ್ ಮುಂದೆ ನನ್ನ ಫೋಟೋ ತೆಗೀಬೇಕು ಅಂತ ಅಣ್ಣಂಗೆ ಹಟ ಮಾಡಿದೆ, ತೆಗೆದ.

ಕೋಲ್ಡ್‌ಹ್ಯಾಮ್ಸ್ ರೋಡಲ್ಲಿರೋ ಸೆಂಟರ್ ಫಾರ್ ಕಂಪ್ಯೂಟಿಂಗ್ ಹಿಸ್ಟರಿಗೆ ಬಂದಾಗ ಮೂರು ಗಂಟೆ. ಹೊರಗಿಂದ ನಮ್ಮ ಪೀಣ್ಯದ ಶೆಡ್ ತರಾನೇ ಕಾಣುತ್ತೆ, ಒಳಗೆ ಎಷ್ಟೋ ಮಶೀನ್‌ಗಳು ಆನ್ ಆಗಿರುತ್ವೆ, ಕೂತು ಟೈಪ್ ಮಾಡಬಹುದು. ಬಿಬಿಸಿ ಮೈಕ್ರೋ ಸಾಲಾಗಿ ಜೋಡಿಸಿದ ಒಂದು ಕ್ಲಾಸ್‌ರೂಮೇ ಇದೆ. ಆನ್ ಮಾಡಿದಾಗಿನ ಆ ಎರಡು ಸ್ವರದ ಬೀಪ್ ಕೇಳಿ ನನಗೆ ಮೈಸೂರಿನ ಆ ಕೋಣೆಯ ಫ್ಲೋರ್ ಪಾಲಿಶ್ ವಾಸನೆ ಮೂಗಿಗೆ ಬಡೀತು. ಒಂದು ಇಡೀ ಮಶೀನು ನನ್ನೊಬ್ಬನಿಗೇ, ಹಿಂದೆ ಪಾಳಿಗೆ ನಿಂತವರಿಲ್ಲ, ಹಾಗೆ ಕೂತಿದ್ದು ಜೀವನದಲ್ಲಿ ಅದೇ ಮೊದಲು.

ಅಣ್ಣ ಹೋಗಿ ನಿಂತಿದ್ದು ರಬ್ಬರ್ ಕೀ ಸ್ಪೆಕ್ಟ್ರಮ್ ಮುಂದೆ. ಅವನದು ಪ್ಲಸ್ ಮಾಡೆಲ್, ಗಟ್ಟಿ ಪ್ಲಾಸ್ಟಿಕ್ ಕೀಗಳು, ಇಷ್ಟು ವರ್ಷ ವಾದ ಮಾಡಿದ್ರೂ ರಬ್ಬರ್ ಕೀ ಮುಟ್ಟಿರ್ಲಿಲ್ಲ. ಬೆರಳು ಮಾತ್ರ ಮರೆತಿರ್ಲಿಲ್ಲ, ಸ್ಪೆಕ್ಟ್ರಮಲ್ಲಿ ಲೋಡ್ ಅಂತ ಅಕ್ಷರ ಹೊಡೆಯೋ ಹಾಗಿಲ್ಲ, ಜೆ ಒತ್ತಿದ್ರೆ ಇಡೀ ಪದಾನೇ ಬರುತ್ತೆ, ಸಿಂಬಲ್ ಶಿಫ್ಟ್ ಹಿಡಿದು ಎರಡು ಸಲ ಪಿ ಒತ್ತಿದ್ರೆ ಕೋಟ್ಸು, ನೋಡ್ದೇನೇ ಒತ್ತಿದ. ಅಲ್ಲೇ ಮತ್ತೆ ಶುರುವಾಯ್ತು ನಮ್ಮದು. ಎಂಟು ಚುಕ್ಕಿ ಅಗಲ ಎಂಟು ಚುಕ್ಕಿ ಉದ್ದದ ಒಂದು ಮನೆಗೆ ಎರಡೇ ಬಣ್ಣ ಕೊಡುತ್ತೆ ಅದು, ಅದಕ್ಕೇ ಗೇಮಲ್ಲಿ ಒಂದು ಗೊಂಬೆ ಇನ್ನೊಂದರ ಹತ್ರ ಹೋದ್ರೆ ಬಣ್ಣ ಮೆತ್ಕೊಳ್ಳುತ್ತೆ ಅಂತ ನಾನು. ಹಾಗೆ ಮಾಡಿದ್ದಕ್ಕೇ ಪೂರ್ತಿ ಸ್ಕ್ರೀನು ಏಳು ಕೆಬಿಯೊಳಗೆ ಮುಗೀತು, ನಿಮ್ಮ ಬಿಬಿಸಿಯ ಮೋಡ್ 2 ಅನ್ನೋ ಬಣ್ಣದ ಸ್ಕ್ರೀನು ಎಂಟು ಬಣ್ಣಕ್ಕೆ 32ರಲ್ಲಿ 20 ಕೆಬಿ ತಿಂದು ಪ್ರೋಗ್ರಾಮಿಗೆ ಏನು ಬಿಡ್ತಿತ್ತು ಅಂತ ಅವನು. ಅವನ ಮಾತು ಸರಿಯಾಗೇ ಇತ್ತು, ಚಿಕ್ಕಂದಿನಲ್ಲಿ ಇಬ್ಬರಿಗೂ ಈ ಲೆಕ್ಕ ತಿಳಿದಿರ್ಲಿಲ್ಲ.

ಪಕ್ಕದಲ್ಲಿ ಕಮೊಡೋರ್ 64 ಅನ್ನೋ ಅದೇ ಕಾಲದ ಇನ್ನೊಂದು ಕಂಪ್ಯೂಟರ್ ಮುಂದೆ ನಮ್ಮ ವಯಸ್ಸಿನ ಒಬ್ಬ ಇಂಗ್ಲಿಷಿನೋನು ಕೂತಿದ್ದ. ನಮ್ಮ ಮಾತು ಕೇಳಿಸ್ಕೊಂಡು, ಎರಡೂ ಬಿಡಿ, ಸದ್ದು ಮಾಡೋ ಸಿಡ್ ಚಿಪ್ಪಿನ ಮೂರು ಸ್ವರ, ಗೇಮಿನ ಗೊಂಬೆಗಳನ್ನ ಮಶೀನೇ ಓಡಿಸೋ ಎಂಟು ಹಾರ್ಡ್‌ವೇರ್ ಸ್ಪ್ರೈಟು, ಇದರ ಮುಂದೆ ನಿಮ್ಮವು ಏನು ಅಂದ. ತಗೋ, ಅರೆಕ್ಷಣದಲ್ಲಿ ನಾನೂ ಅಣ್ಣನೂ ಒಂದೇ ಪಕ್ಷ. ನಮ್ಮ ನಮ್ಮಲ್ಲಿ ಜಗಳ ಬಂದ್ರೆ ಅವರು ನೂರು ನಾವು ಐದು, ಹೊರಗಿನೋರು ಬಂದ್ರೆ ನೂರೈದು ಅಂತ ಧರ್ಮರಾಯ ಹೇಳಿದ್ದು ಇದಕ್ಕೇ. ಅರ್ಧ ಗಂಟೆ ಆಯ್ತು ಆ ವಾದ. ಅವನ ಸ್ಕೂಲಲ್ಲಿ ಸ್ಪೆಕ್ಟ್ರಮ್ ಹುಡುಗರು ಊಟದ ಬಿಡುವಲ್ಲಿ ಬೇರೇನೇ ಕೂರ್ತಿದ್ರಂತೆ. ಸ್ಪೆಕ್ಟ್ರಮ್‌ನವರ ಕ್ರ್ಯಾಶ್, ಕಮೊಡೋರ್‌ನವರ ಝಾಪ್64 ಎರಡು ಪತ್ರಿಕೇನೂ ಲಡ್ಲೋ ಅನ್ನೋ ಒಂದೇ ಊರಿನ ಒಂದೇ ಕಂಪನಿ ತರ್ತಿದ್ದಿದ್ದು ಅಂತ ಅಣ್ಣ ಅಂದಾಗ, ಹೌದು ನಮಗೂ ಗೊತ್ತಿತ್ತು, ಆದ್ರೂ ಅವರದು ಮುಟ್ತಿರ್ಲಿಲ್ಲ ಅಂದ ಆ ಇಂಗ್ಲಿಷಿನೋನು. ಹೋಗೋವಾಗ ಇಬ್ಬರ ಕೈನೂ ಗಟ್ಟಿಯಾಗಿ ಕುಲುಕಿದ.

ಐದಕ್ಕೆ ಮುಚ್ತಾರೆ. ಐದಕ್ಕೆ ಹತ್ತು ನಿಮಿಷ ಇರೋವಾಗ ಅಣ್ಣ ಒಂದು ಕ್ಯಾಸೆಟ್ ಕೇಳಿ ಇಸ್ಕೊಂಡು ಮ್ಯಾನಿಕ್ ಮೈನರ್ ಅನ್ನೋ ಗೇಮ್ ಲೋಡಿಗೆ ಹಾಕಿದ. ಕೀರಲು ದನಿ ಶುರುವಾಯ್ತು, ಸ್ಕ್ರೀನ್ ಅಂಚಲ್ಲಿ ಮೊದಲು ಕೆಂಪು ತಿಳಿನೀಲಿ ಪಟ್ಟಿ, ಆಮೇಲೆ ನೀಲಿ ಹಳದಿ ಪಟ್ಟಿಗಳು ಓಡಿದ್ವು. ಅಲ್ಲಿ ಕೆಲಸ ಮಾಡೋ ವಯಸ್ಸಾದ ಹೆಂಗಸೊಬ್ಬರು ಒಂದೊಂದೇ ಮಶೀನ್ ಆಫ್ ಮಾಡ್ತಾ ನಮ್ಮ ಹಿಂದೆ ಬಂದ್ರು. ಅಣ್ಣ ತಿರುಗಿ ನೋಡ್ಲಿಲ್ಲ, ಎಡಗೈ ಹಿಂದಕ್ಕೆ ಎತ್ತಿ ಹಿಡಿದು ಕನ್ನಡದಲ್ಲೇ "ಒಂದೈದ್ನಿಮಿಷ ಇರಮ್ಮಾ" ಅಂದ. ಅವರು ಸ್ವಿಚ್ ಮೇಲಿಟ್ಟ ಕೈ ತೆಗೆದು, ಮುಗಿಯೋವರೆಗೂ ಅಲ್ಲೇ ನಿಂತಿದ್ರು.