ಮಗಳ ತಲೆ ಉದ್ದ ಅಂತ ಅಜ್ಜಿ ಹೇಳಿದ ದಿನ

ಮಗಳು ಹುಟ್ಟಿ ಹನ್ನೆರಡು ದಿನ ಆಗಿತ್ತು. ಅಜ್ಜಿ ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ಹಚ್ಚಿ ಎರಡೂ ಅಂಗೈಯಿಂದ ತಲೆಯನ್ನು ಹಿಂದೆ ಮುಂದೆ ಅದುಮುತ್ತಿದ್ದಳು. "ತಲೆ ಉದ್ದ ಇದೆ ಕಣೇ, ಈಗಲೇ ತಿದ್ದಬೇಕು." ನೆತ್ತಿ ಇನ್ನೂ ಮೆತ್ತಗಿತ್ತು, ಎಣ್ಣೆ ಕೆಳಗೆ ಮಿಡಿಯೋದು ಕಾಣುತ್ತಿತ್ತು. "ಒತ್ತಬೇಡ ಅಜ್ಜಿ" ಅಂದೆ, ಸ್ವಲ್ಪ ಜೋರಾಗಿಯೇ. ಅವಳು ಆಮೇಲೆ ಮಾತಾಡಲಿಲ್ಲ.

ರಾತ್ರಿ ಹಾಲು ಕುಡಿಸುತ್ತಾ ಇದರ ಬಗ್ಗೆ ಓದಿದೆ. ಹೆರಿಗೆಯಲ್ಲಿ ಒತ್ತಿಕೊಂಡು ಬಂದ ಉದ್ದ ಕೆಲವು ವಾರದಲ್ಲಿ ತಾನೇ ಹೋಗುತ್ತದೆ. ಆದರೆ ಅದನ್ನು ಬಿಟ್ಟರೂ ಮನುಷ್ಯರ ಮಗುವಿನ ಮೆದುಳು ಹುಟ್ಟುವಾಗ ಉದ್ದಕ್ಕೇ ಇರುತ್ತದಂತೆ! ಮೊದಲ ವರ್ಷದಲ್ಲಿ ನೆತ್ತಿಯ ಅಕ್ಕಪಕ್ಕದ ಭಾಗ, ಹಿಂದೆ ಕೆಳಗಿರುವ ಕಿರುಮೆದುಳು ಉಬ್ಬಿ ಬೆಳೆದು, ಬುರುಡೆಯನ್ನು ಒಳಗಿನಿಂದಲೇ ದುಂಡಗೆ ಮಾಡುತ್ತವೆ.

ಹೀಗೆ ದುಂಡಗಾಗುವುದು ನಮ್ಮವರಲ್ಲಿ ಮಾತ್ರ ಅಂತ ಗೊತ್ತಾಗಿದ್ದು ಒಂದು ನಿಯಾಂಡರ್ತಲ್ ಕೂಸಿನಿಂದ. ನಿಯಾಂಡರ್ತಲ್ ಅಂದರೆ ನಮಗೆ ಹತ್ತಿರದ ಸಂಬಂಧಿಗಳಾದ, ಈಗ ಅಳಿದುಹೋದ ಇನ್ನೊಂದು ಬಗೆಯ ಮನುಷ್ಯರು. ಫ್ರಾನ್ಸಿನ ಲ ಮುಸ್ತಿಯೇಯಲ್ಲಿ 1914ರಲ್ಲಿ ಸಿಕ್ಕಿತ್ತು, ನಾಲ್ಕು ತಿಂಗಳೂ ತುಂಬಿರಲಿಲ್ಲ. ಮೂಳೆಗಳು ಎಲ್ಲೋ ಸೇರಿಹೋಗಿ, 1996ರಲ್ಲಿ ಮ್ಯೂಸಿಯಂನಲ್ಲೇ ಮತ್ತೆ ಸಿಕ್ಕವು. ಫಿಲಿಪ್ ಗುಂಜ್ ಅನ್ನೋ ವಿಜ್ಞಾನಿ ಮತ್ತು ಜೊತೆಯವರು ಸ್ಕ್ಯಾನ್ ಮಾಡಿ ಚೂರುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ 2010ರಲ್ಲಿ ಹೇಳಿದ್ದು ಇಷ್ಟು: ಹುಟ್ಟುವಾಗ ಅವರ ಮಗುವಿನ ಮೆದುಳೂ ನಮ್ಮ ಮಗುವಿನದೂ ಹೆಚ್ಚು ಕಡಿಮೆ ಒಂದೇ ಥರ. ಆಮೇಲೆ ಅವರದು ಉದ್ದಕ್ಕೇ ಬೆಳೆಯಿತು, ನಮ್ಮದು ದುಂಡಗಾಯಿತು. ದೊಡ್ಡವರಾದ ಮೇಲೆ ಗಾತ್ರದಲ್ಲಿ ಅವರೇನೂ ಕಮ್ಮಿ ಇರಲಿಲ್ಲ. ನಮ್ಮವರೇ ಆದ, ಮೊರಾಕ್ಕೋದ ಜೆಬೆಲ್ ಇರ್ಹೂದ್‌ನ 3 ಲಕ್ಷ ವರ್ಷ ಹಿಂದಿನವರ ಮೆದುಳೂ ದೊಡ್ಡದೇ, ಆದರೆ ಉದ್ದ. ಅಂದರೆ ಮೆದುಳು ಮೊದಲು ದೊಡ್ಡದಾಗಿ, ಎಷ್ಟೋ ಕಾಲದ ಮೇಲೆ ದುಂಡಗಾಗಿದೆ.

ಇನ್ನೊಂದು ವಿಷಯವೂ ಓದಿದೆ. ನಮ್ಮ ಮೆದುಳು ಎರಡೂ ಕಡೆ ಸಮ ಇರಲ್ಲ, ಸಾಮಾನ್ಯವಾಗಿ ಮುಂದೆ ಬಲಭಾಗ, ಹಿಂದೆ ಎಡಭಾಗ ಸ್ವಲ್ಪ ಚಾಚಿರುತ್ತದೆ. ಚಿಂಪಾಂಜಿ, ಗೊರಿಲ್ಲಾಗಳಲ್ಲೂ ಇದೇ ಓರೆ ಇದೆ. ಅಂದರೆ ದುಂಡು ಹೊಸದಾದರೂ ಈ ಓರೆ, ನಾವೂ ಅವೂ ಬೇರೆಯಾಗುವ ಮೊದಲಿನಷ್ಟು ಹಳೆಯದು.

ಬೆಳಿಗ್ಗೆ ಅಜ್ಜಿ ಹತ್ತಿರ ಕೂತು ಎಲ್ಲ ಹೇಳಿದೆ. ಮೆದುಳು, ಬುರುಡೆ ಎಲ್ಲ ಸುಮ್ನೆ ಕೇಳಿಸಿಕೊಂಡು, ಕೊನೆಗೆ "ಆ ಕೂಸಿಗೆ ಏನಾಗಿತ್ತಂತೆ, ಪಾಪ?" ಅಂದಳು. ಗೊತ್ತಿಲ್ಲ ಅಜ್ಜಿ, ಅಂದೆ. ಅವಳು ಬೆರಳ ತುದಿಯಲ್ಲಿ ಎಣ್ಣೆ ತಗೊಂಡು ಮಗಳ ನೆತ್ತಿಗೆ ಮೆಲ್ಲಗೆ ಇಟ್ಟಳು, ಅದುಮಲಿಲ್ಲ.