ಟೋಕಿಯೋದಿಂದ: ‘ಸೈಕೋ-ಪಾಸ್ 2’ ಅನಿಮೆ ಎಡವಿದ್ದು ಎಲ್ಲಿ?

ಜಪಾನಿನಲ್ಲಿ ಕೆಲಸಕ್ಕೆ ಸೇರಿದವರ ಕೈಗೆ ವರ್ಷಕ್ಕೊಮ್ಮೆ ಒಂದು ಪ್ರಶ್ನಾವಳಿ ಬರುತ್ತದೆ. ಅದರ ಹೆಸರು ಸ್ಟ್ರೆಸ್ ಚೆಕ್. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ 2015ರ ಡಿಸೆಂಬರ್‌ನಿಂದ ಇದನ್ನು ನಡೆಸಲೇಬೇಕು. ಸಾಮಾನ್ಯವಾಗಿ ಕೊಡುವ ನಮೂನೆಯಲ್ಲಿ 57 ಪ್ರಶ್ನೆಗಳು, ಒಂದೊಂದಕ್ಕೂ ನಾಲ್ಕು ಆಯ್ಕೆ. ಫಲಿತಾಂಶ ನೇರವಾಗಿ ನೌಕರರಿಗೇ ಬರುತ್ತದೆ, ಅವರು ಒಪ್ಪದೆ ಕಂಪನಿ ಅದನ್ನು ನೋಡುವಂತಿಲ್ಲ. ‘ಒತ್ತಡ ಹೆಚ್ಚು’ ಎಂದು ಬಂದವರು ವೈದ್ಯರ ಭೇಟಿ ಕೇಳಬಹುದು. ಆದರೆ ಕೇಳಿದ ಕೂಡಲೇ ವಿಷಯ ಕಂಪನಿಗೆ ತಿಳಿಯುತ್ತದೆ. ಹೊಸದಾಗಿ ಬಂದ ನಮ್ಮವರು ಇದನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.

ಮನಸ್ಸಿನ ಸ್ಥಿತಿಗೆ ಅಂಕ ಕೊಟ್ಟು, ಆ ಅಂಕ ಯಾರ ಕೈಗೆ ಹೋಗಬೇಕು ಎಂದು ಕಾನೂನು ಬರೆದ ದೇಶ ಇದು. ಜನರ ಮನಸ್ಸಿಗೆ ಅಂಕ ಹಾಕುವ ವ್ಯವಸ್ಥೆಯ ಕಥೆ ಹೇಳುವ ‘ಸೈಕೋ-ಪಾಸ್’ ಅನಿಮೆಯನ್ನು (ಜಪಾನಿನ ಅನಿಮೇಷನ್ ಸರಣಿಯನ್ನು) ಇಲ್ಲಿ ಕೂತು ನೋಡುವಾಗ ಅದು ದೂರದ ಭವಿಷ್ಯದ ಕಥೆ ಅನ್ನಿಸುವುದಿಲ್ಲ. ಆ ಕಾನೂನಿನ ತಿದ್ದುಪಡಿ ಅಂಗೀಕಾರವಾದದ್ದು 2014ರ ಜೂನ್‌ನಲ್ಲಿ. ‘ಸೈಕೋ-ಪಾಸ್ 2’ ಟಿವಿಗೆ ಬಂದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಇದಕ್ಕಿಂತ ಒಳ್ಳೆಯ ಹೊತ್ತು ಆ ಸೀಸನ್‌ಗೆ ಸಿಗುತ್ತಿರಲಿಲ್ಲ. ಅದನ್ನು ಕೈಚೆಲ್ಲಿತಲ್ಲ ಎಂಬ ಸಂಕಟ ಈಗಲೂ ಇದೆ. (ಮುಂದೆ ಕಥೆಯ ಗುಟ್ಟುಗಳಿವೆ. ನೋಡದವರು ಕೊನೆಯ ಎರಡು ಪ್ಯಾರಾ ಮಾತ್ರ ಓದಿ.)

ಮೊದಲ ಸೀಸನ್ 2012ರ ಅಕ್ಟೋಬರ್‌ನಿಂದ 2013ರ ಮಾರ್ಚ್‌ವರೆಗೆ ಫುಜಿ ಟಿವಿಯ ‘ನೊಯ್ತಾಮಿನಾ’ ಎಂಬ ತಡರಾತ್ರಿಯ ಸರಣಿಯಲ್ಲಿ ಬಂತು, 22 ಕಂತು. ಕಥೆ ನಡೆಯುವುದು 2112ರ ಟೋಕಿಯೋದಲ್ಲಿ. ಸಿಬಿಲ್ ಎಂಬ ವ್ಯವಸ್ಥೆ ಪ್ರತಿಯೊಬ್ಬರ ಮನಸ್ಸನ್ನು ಅಳೆದು ಅಪರಾಧದ ಅಂಕ ಕೊಡುತ್ತದೆ. ಡಾಮಿನೇಟರ್ ಎಂಬ ಪಿಸ್ತೂಲು ಎದುರಿಗಿದ್ದವನ ಅಂಕವನ್ನು ಓದುತ್ತದೆ: 100ಕ್ಕಿಂತ ಕೆಳಗಿದ್ದರೆ ಟ್ರಿಗರ್ ಎಳೆಯಲೇ ಆಗದು, 100ರಿಂದ 299ರವರೆಗೆ ಮೂರ್ಛೆ ಹೋಗಿಸುತ್ತದೆ, 300 ದಾಟಿದರೆ ಕೊಲ್ಲುತ್ತದೆ. ಮೊದಲ ಕಂತಿನಲ್ಲೇ ಒತ್ತೆಯಾಳಾಗಿದ್ದ ಹೆಣ್ಣುಮಗಳ ಅಂಕ ಭಯಕ್ಕೆ ಏರಿ, ಅವಳನ್ನೇ ಕೊಲ್ಲುವ ಹಂತ ಬರುತ್ತದೆ. ಕೆಲಸಕ್ಕೆ ಸೇರಿ ಒಂದು ದಿನವೂ ಆಗದ ಪೊಲೀಸ್ ಅಧಿಕಾರಿ ಅಕಾನೆ ತ್ಸುನೆಮೊರಿ ತನ್ನ ಸಹೋದ್ಯೋಗಿಗೇ ಗುಂಡು ಹೊಡೆದು ಕೆಡವಿ, ಆ ಹೆಣ್ಣಿಗೆ ಸಮಾಧಾನ ಹೇಳಿ ಅಂಕ ಇಳಿಸುತ್ತಾಳೆ. ಇಡೀ ಸೀಸನ್ನಿನ ಬೀಜ ಆ ಒಂದೆರಡು ನಿಮಿಷದಲ್ಲಿದೆ: ಅಂಕ ಏರುತ್ತದೆ, ಇಳಿಯುತ್ತದೆ, ಮನುಷ್ಯರು ಅದರ ಮುಂದೆ ಏನು ಮಾಡುತ್ತಾರೆ?

ಸಬ್‌ಟೈಟಲ್‌ನಲ್ಲಿ ಕಳೆದುಹೋಗುವ ಒಂದು ವಿಷಯ ಇಲ್ಲಿ ಹೇಳಬೇಕು. ಅಕಾನೆಯ ಹುದ್ದೆ ಇಂಗ್ಲಿಷ್‌ನಲ್ಲಿ ‘ಇನ್ಸ್‌ಪೆಕ್ಟರ್’ ಎಂದು ಬರುತ್ತದೆ. ಜಪಾನಿಯಲ್ಲಿ ಅದು ‘ಕಾನ್ಶಿಕಾನ್’, ಅಂದರೆ ಕಣ್ಗಾವಲಿನ ಅಧಿಕಾರಿ. ಅವಳ ಕೈಕೆಳಗಿನವರು, ಅಂಕ ಮಿತಿ ಮೀರಿ ಅಪರಾಧಿಗಳ ಪಟ್ಟಿಗೆ ಸೇರಿದವರು, ‘ಶಿಕ್ಕೋಕಾನ್’. ‘ಶಿಕ್ಕೋ’ ಎಂದರೆ ಜಾರಿ ಮಾಡುವುದು, ಶಿಕ್ಷೆ ಜಾರಿ ಮಾಡುವುದಕ್ಕೂ ಅದೇ ಪದ. ಅವಳು ಕಾವಲು ಕಾಯುವುದು ಕಳ್ಳರನ್ನಲ್ಲ, ತನ್ನದೇ ತಂಡದವರನ್ನು. ಇದು ಕಿವಿಗೆ ಬಿದ್ದರೆ ಅರ್ಧ ಕಥೆ ತಾನೇ ತೆರೆದುಕೊಳ್ಳುತ್ತದೆ.

ಈಗ ಎರಡನೇ ಸೀಸನ್. ರಕ್ತ ಜಾಸ್ತಿ, ಚಿತ್ರ ಕಳಪೆ ಎಂದು ದೂರುವವರಿದ್ದಾರೆ. ಮುಖ್ಯ ದೋಷ ಅದಲ್ಲ. ಅಂಕದ ಜೊತೆ ಬದುಕುವ ಸಾಮಾನ್ಯ ಜನ ಕಥೆಯಿಂದ ಹೊರಗೆ ಹೋದರು, ಅದು.

ಹೋಲಿಸಿ ನೋಡಿ. ಮೊದಲ ಸೀಸನ್ನಿನ 14ನೇ ಕಂತಿನಲ್ಲಿ ಹೆಲ್ಮೆಟ್ ತೊಟ್ಟ ಒಬ್ಬ ನಡುಬೀದಿಯಲ್ಲಿ, ಹಾಡಹಗಲೇ ಒಬ್ಬ ಹೆಂಗಸನ್ನು ಸುತ್ತಿಗೆಯಿಂದ ಹೊಡೆದು ಕೊಲ್ಲುತ್ತಾನೆ. ಹೆಲ್ಮೆಟ್ ಸುತ್ತಲಿನವರ ಶಾಂತ ಅಂಕವನ್ನು ನಕಲು ಮಾಡುವುದರಿಂದ ಬೀದಿಯ ಸ್ಕ್ಯಾನರ್ ಸುಮ್ಮನಿರುತ್ತದೆ. ಜನ ನಿಂತು ನೋಡುತ್ತಾರೆ. ಅವರು ದುಷ್ಟರಲ್ಲ. ಯಂತ್ರ ಕೂಗಲಿಲ್ಲವಾದ್ದರಿಂದ ಕಣ್ಣೆದುರು ನಡೆಯುತ್ತಿರುವುದು ಕೊಲೆ ಎಂದು ಅವರಿಗೆ ಹೊಳೆಯುವುದೇ ಇಲ್ಲ. ಕ್ಯಾಮೆರಾ ಆ ಮುಖಗಳ ಮೇಲೆ ನಿಲ್ಲುತ್ತದೆ, ಮುಂದಿನ ಕಂತಿನಲ್ಲಿ ಅದರ ಫಲ ಊರೆಲ್ಲ ಹಬ್ಬುತ್ತದೆ.

ಎರಡನೇ ಸೀಸನ್ನಿನಲ್ಲೂ ಅಷ್ಟೇ ತೂಕದ ಕಲ್ಪನೆ ಒಂದಿದೆ. ಜನ ಫೋನಿನಲ್ಲಿ ಆಟ ಆಡುತ್ತಾರೆ, ಅದು ನಿಜವಾದ ಡ್ರೋನ್‌ಗಳನ್ನು ನಡೆಸಿ ನಿಜವಾದ ಮನುಷ್ಯರನ್ನು ಕೊಲ್ಲುತ್ತಿರುತ್ತದೆ. ತಾನು ಕೊಂದೆ ಎಂದು ಗೊತ್ತಾದ ಮೇಲೆ ಆ ಆಟಗಾರರ ಅಂಕ ಏನಾಗುತ್ತದೆ? ಮರುದಿನ ಅವರು ಕೆಲಸಕ್ಕೆ ಹೋಗಬಲ್ಲರೇ? ಇಡೀ ಸೀಸನ್ ಇದರ ಮೇಲೇ ನಿಲ್ಲಬಹುದಿತ್ತು. ಕಥೆ ಅದನ್ನು ಸ್ಫೋಟದ ದೃಶ್ಯವಾಗಿ ಬಳಸಿಕೊಂಡು ಮುಂದಿನ ಒಗಟಿಗೆ ಓಡುತ್ತದೆ. ಮಾನಸಿಕ ಆರೈಕೆ ಕೇಂದ್ರದ ಒತ್ತೆಯಾಳು ಪ್ರಸಂಗವೂ ಹಾಗೇ. ಭಯದಿಂದ ಒತ್ತೆಯಾಳುಗಳ ಅಂಕ ಏರುತ್ತದೆ, ಒಳಗೆ ಸಿಕ್ಕಿಬಿದ್ದ ಅಧಿಕಾರಿ ಅಓಯನಗಿ ತನ್ನದೇ ಇಲಾಖೆಯ ಡಾಮಿನೇಟರ್‌ಗೆ ಬಲಿಯಾಗುತ್ತಾಳೆ. ಇದು ಮೊದಲ ಕಂತಿನ ಅದೇ ಪ್ರಶ್ನೆ, ಆದರೆ ಉತ್ತರಿಸಲು ಈ ಸಲ ಯಾರಿಗೂ ಪುರುಸೊತ್ತಿಲ್ಲ.

ಖಳನಾಯಕ ಕಮುಯಿಯದು ಇನ್ನೂ ದೊಡ್ಡ ನಷ್ಟ. ವಿಮಾನ ಅಪಘಾತದಲ್ಲಿ ಉಳಿದ ಒಬ್ಬನೇ ಹುಡುಗನ ಮೈಗೆ ಸತ್ತ 184 ಜನರ ಅಂಗಾಂಗಗಳನ್ನು ಜೋಡಿಸಿರುತ್ತಾರೆ. ಹಾಗಾಗಿ ಸ್ಕ್ಯಾನರ್ ಅವನನ್ನು ಒಬ್ಬ ಮನುಷ್ಯ ಎಂದು ಗುರುತಿಸುವುದೇ ಇಲ್ಲ. ಅತ್ತ ಸಿಬಿಲ್ ಕೂಡ 247 ಮಿದುಳುಗಳ ಗುಂಪು. ಹಲವರು ಸೇರಿ ಒಬ್ಬನಾದವನು ಎದುರು ನಿಂತು, ‘ಗುಂಪಿಗೂ ಅಂಕ ಕೊಡು, ಮೊದಲು ನಿನಗೇ ಕೊಟ್ಟುಕೋ’ ಎನ್ನುತ್ತಾನೆ. ಎಂಥ ಪ್ರಶ್ನೆ! ಒಂದು ಕಂಪನಿ, ಒಂದು ಇಲಾಖೆ, ಒಂದು ದೇಶ ಒಟ್ಟಾಗಿ ಅಪರಾಧಿ ಆಗಬಹುದೇ ಎಂಬುದು ಇದರೊಳಗಿದೆ. ಇದು ಬಾಯಿಬಿಟ್ಟು ಬರುವುದು ಕೊನೆಯ ಕಂತುಗಳಲ್ಲಿ. ತನ್ನೊಳಗಿನ ಕೆಟ್ಟ ಮಿದುಳುಗಳನ್ನು ಸಿಬಿಲ್ ತಾನೇ ಕಿತ್ತುಹಾಕುತ್ತದೆ, ಕಥೆ ಮುಗಿಯುತ್ತದೆ. ಅದರಿಂದ ಬೀದಿಯಲ್ಲಿ ಏನು ಬದಲಾಯಿತು ಎಂದು ತೋರಿಸಲು ಕಂತೇ ಉಳಿದಿಲ್ಲ.

ಹೀಗಾಗಲು ಕಾರಣ ಲೆಕ್ಕದಲ್ಲೇ ಇದೆ. ಜಪಾನಿನ ಟಿವಿ ಮೂರು ತಿಂಗಳ ‘ಕೂರು’ ಲೆಕ್ಕದಲ್ಲಿ ನಡೆಯುತ್ತದೆ, ಒಂದು ಕೂರಿಗೆ 11ರಿಂದ 13 ಕಂತು. ಮೊದಲ ಸೀಸನ್‌ಗೆ ಎರಡು ಕೂರು ಸಿಕ್ಕಿತ್ತು, ಎರಡನೆಯದಕ್ಕೆ ಒಂದೇ, 11 ಕಂತು. ಅದಕ್ಕೂ ಮುಂಚಿನ ಜುಲೈನಿಂದ ಸೆಪ್ಟೆಂಬರ್‌ವರೆಗೆ ಹಳೆಯ ಸೀಸನ್ನನ್ನೇ ಒಂದೊಂದು ಗಂಟೆಯ ಕಂತಾಗಿ ಮತ್ತೆ ಕತ್ತರಿಸಿ ತೋರಿಸಿದರು. ಇತ್ತ 2015ರ ಜನವರಿ 9ಕ್ಕೆ ‘ಸೈಕೋ-ಪಾಸ್’ ಸಿನಿಮಾ ಬಿಡುಗಡೆ. ಮೊದಲ ಸೀಸನ್ ಬರೆದ ಗೆನ್ ಉರೊಬುಚಿ ಸಿನಿಮಾ ಕಡೆ ಇದ್ದರು, ಚಿತ್ರಿಸಿದ ಪ್ರೊಡಕ್ಷನ್ ಐ.ಜಿ. ಕೂಡ ಅತ್ತಲೇ. ಟಿವಿಯ ಕೆಲಸ ತತ್ಸುನೊಕೊ ಸ್ಟುಡಿಯೋಗೆ ಹೋಯಿತು, ಕಥೆಯ ಚೌಕಟ್ಟು ತೋ ಉಬುಕತಾ ಪಾಲಿಗೆ ಬಂತು. ಅವರಿಗೆ ಕಲ್ಪನೆ ಕಡಿಮೆ ಇರಲಿಲ್ಲ. 22 ಕಂತಿಗೆ ಆಗುವಷ್ಟು ಕಲ್ಪನೆಯನ್ನು 11ರಲ್ಲಿ ತುರುಕಬೇಕಾಯಿತು.

ಕಿರಿಯ ಅಧಿಕಾರಿ ಮಿಕಾ ಶಿಮೊತ್ಸುಕಿಗೆ ಬಿದ್ದಷ್ಟು ಬೈಗುಳ ಬಹುಶಃ ಇನ್ನಾವ ಪಾತ್ರಕ್ಕೂ ಬಿದ್ದಿಲ್ಲ. ಅವಳು ಸಿಬಿಲ್‌ಗೆ ಹೆದರಿ ತಲೆಬಾಗುವ ಸಾಮಾನ್ಯ ಹುಡುಗಿ. ಆ ಹೆದರಿಕೆಗೆ ಎರಡು ಶಾಂತ ದೃಶ್ಯ ಕೊಟ್ಟಿದ್ದರೆ ಇಡೀ ಸೀಸನ್ನಿಗೆ ಅವಳೇ ಜೀವಾಳವಾಗುತ್ತಿದ್ದಳು.

ನೋಡುವ ಕ್ರಮ: ಮೊದಲ ಸೀಸನ್ನಿನ 22 ಕಂತನ್ನೂ ಮತ್ತೆ ಕತ್ತರಿಸಿದ ರೂಪದಲ್ಲಲ್ಲ, ಮೂಲ ರೂಪದಲ್ಲೇ ನೋಡಿ. ಆಮೇಲೆ ನೇರ 2015ರ ಸಿನಿಮಾಗೆ ಹೋದರೂ ಕಥೆ ಕಡಿಯುವುದಿಲ್ಲ, ಎರಡನೇ ಸೀಸನ್ನಿನ ಘಟನೆಗಳನ್ನು ಅದು ಹೆಚ್ಚು ನೆಚ್ಚಿಕೊಂಡಿಲ್ಲ. ಆದರೆ 2019ರ ಮೂರನೇ ಸೀಸನ್‌ಗೆ (8 ಕಂತು, ಒಂದೊಂದೂ ಸುಮಾರು 45 ನಿಮಿಷ) ಮುಂಚೆ ಎರಡನೆಯದನ್ನು ನೋಡಿರಬೇಕು. ಎರಡನೆಯದರಲ್ಲಿ ಕಿರಿಯ ಅಧಿಕಾರಿಯಾಗಿದ್ದ ಮಿಕಾ ಅಲ್ಲಿ ತಂಡದ ಮುಖ್ಯಸ್ಥೆ, ಅವಳ ಹಿಂದಿನದು ಗೊತ್ತಿಲ್ಲದಿದ್ದರೆ ಬೆಳವಣಿಗೆಯ ಬೆಲೆ ತಿಳಿಯದು. 11 ಕಂತನ್ನು ಒಂದೇ ರಾತ್ರಿ ಮುಗಿಸಬೇಡಿ. ಹೆಸರುಗಳು, ಒಗಟುಗಳು ಕಲಸಿಹೋಗುತ್ತವೆ. ದಿನಕ್ಕೆ ಎರಡು ಸಾಕು.

ಇಲ್ಲಿಂದ ಡಿಸ್ಕ್ ತರಿಸಿಕೊಳ್ಳುವವರಿಗೆ: ಡಿವಿಡಿಯಲ್ಲಿ ಜಪಾನ್ ರೀಜನ್ (ಡಿಸ್ಕ್ ಎಲ್ಲಿ ಓಡಬೇಕೆಂಬ ಪ್ರದೇಶ ಸಂಕೇತ) 2, ಭಾರತ 5. ಬ್ಲೂ-ರೇಯಲ್ಲಿ ಜಪಾನ್ ‘ಎ’, ಭಾರತ ‘ಸಿ’. ಊರಿನ ಪ್ಲೇಯರ್‌ನಲ್ಲಿ ಓಡದಿರುವ ಸಾಧ್ಯತೆಯೇ ಹೆಚ್ಚು. ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ರೀಜನ್ ಬದಲಿಸಬಹುದು, ಆದರೆ ಐದೇ ಸಲ, ಆಮೇಲೆ ಕೊನೆಯದಕ್ಕೇ ಬೀಗ ಬೀಳುತ್ತದೆ. ಜಪಾನಿನ ಡಿಸ್ಕ್‌ಗಳಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಸಾಮಾನ್ಯವಾಗಿ ಇರುವುದಿಲ್ಲ, ಹಿಂಬದಿಯ ಪಟ್ಟಿ ಓದದೆ ದುಡ್ಡು ಕೊಡಬೇಡಿ. ಹೊಸ ಅನಿಮೆಯ ವೇಳಾಪಟ್ಟಿಯಲ್ಲಿ ‘ಗುರುವಾರ 24:45’ ಎಂದಿದ್ದರೆ ಇಲ್ಲಿ ಅದು ಶುಕ್ರವಾರ ನಸುಕಿನ 12:45, ಊರಿನಲ್ಲಿ ಗುರುವಾರ ರಾತ್ರಿ 9:15.